ಪಾಠ ಹೇಳುವ ತೋಟಕ್ಕೆ ತನ್ನದೇ ಪಂಚಾಂಗ ಬೇಕು

ಚೆನ್ನೈಯಲ್ಲಿ ನಾವು ಐದಾರು ಕನ್ನಡದ ಮನೆಯವರು ಒಂದೆಡೆ ಸೇರಿದರೆ ಮಾತು ಸುತ್ತಿ ಸುತ್ತಿ ಮೂರು ವಿಷಯಕ್ಕೆ ಬಂದು ನಿಲ್ಲುತ್ತದೆ. ಮಕ್ಕಳ ಶಾಲೆಯ ಫೀಸು, ಯಾರ ಕಂಪನಿಯಲ್ಲಿ ಎಷ್ಟು ಜನರನ್ನು ಮನೆಗೆ ಕಳಿಸಿದರು ಅನ್ನುವ ಸುದ್ದಿ, ಆಮೇಲೆ "ಎಲ್ಲ ಬಿಟ್ಟು ಒಂದೆಕರೆ ತೋಟ ಮಾಡೋಣ ಕಣ್ರೀ" ಅನ್ನುವ ಮಾತು. ಮೊದಲು ಈ ಮೂರನೆಯದಕ್ಕೆ ಎಲ್ಲರೂ ನಗುತ್ತಿದ್ದರು. ಈಗ ನಗುವವರು ಕಡಿಮೆಯಾಗಿದ್ದಾರೆ. ತಿರುಪ್ಪೋರೂರು, ಚೆಂಗಲ್ಪಟ್ಟು, ತಿರುವಳ್ಳೂರು ಕಡೆಗೆ ಹೋಗಿ ಜಾಗ ನೋಡಿ ಬಂದವರಿದ್ದಾರೆ. ಎಲ್ಲರ ಯೋಜನೆಯೂ ಹೆಚ್ಚುಕಡಿಮೆ ಒಂದೇ: ವಿಷ ಹಾಕದೆ ಸೊಪ್ಪು, ತರಕಾರಿ, ಔಷಧಿ ಗಿಡ ಬೆಳೆಯುವುದು; ವಾರದ ಕೊನೆಗೆ ನಾಲ್ಕು ಜನಕ್ಕೆ ಅದನ್ನೇ ಕಲಿಸುವುದು.

ನಾನು ಐಟಿಯವನೇ. ವಾರಕ್ಕೆ ಐದು ದಿನ ಕಂಪ್ಯೂಟರ್ ಮುಂದೆ, ಬಿಡುವು ಸಿಕ್ಕ ಭಾನುವಾರ ಇಂಥ ಕಲಿಸುವ ತೋಟಗಳಲ್ಲಿ. ಕೆಲವು ವರ್ಷ ಹೀಗೆ ಓಡಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದು. ಬೆಳೆಯುವ ತೋಟಕ್ಕೂ ಕಲಿಸುವ ತೋಟಕ್ಕೂ ವ್ಯತ್ಯಾಸವಿದೆ. ಬೆಳೆಯುವ ತೋಟ ಕಾಯಿ ಕೊಟ್ಟರೆ ಸಾಕು. ಕಲಿಸುವ ತೋಟ ತನ್ನ ಜಾಗದ ನಿಜವನ್ನೂ ಹೇಳಬೇಕು: ಈ ಮಣ್ಣು, ಈ ಮಳೆ, ಈ ನೀರು, ಈ ಖರ್ಚು. ಅಷ್ಟು ಹೇಳದ ತೋಟದಿಂದ ಕಲಿತು ಕೆಲಸ ಬಿಟ್ಟವರ ಮನೆಯಲ್ಲಿ ಮುಂದೆ ಕಷ್ಟ ಶುರುವಾಗುತ್ತದೆ.

ಒಂದೇ ಅಕ್ಷಾಂಶ, ಬೇರೆ ಪಂಚಾಂಗ

ಭೂಪಟ ತೆಗೆದು ನೋಡಿ. ಬೆಂಗಳೂರು, ಚೆನ್ನೈ ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಗಲಿನ ಉದ್ದ ಎರಡು ಊರಿಗೂ ಒಂದೇ. ಅಲ್ಲಿಗೆ ಹೋಲಿಕೆ ಮುಗಿಯಿತು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಚೆನ್ನೈ ಕಡಲ ಮಟ್ಟಕ್ಕೇ ಇದೆ. ನಮ್ಮೂರಿನಲ್ಲಿ ಮುಂಗಾರು ಬಂತೆಂದರೆ ಬಿತ್ತನೆ. ಚೆನ್ನೈಗೆ ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಹಿಂಗಾರಿನಲ್ಲಿ. ಜೂನ್ ತಿಂಗಳಲ್ಲಿ ತೀರ್ಥಹಳ್ಳಿಯವರು ಕೊಡೆ ಹುಡುಕುತ್ತಿರುವಾಗ ಇಲ್ಲಿ ಇನ್ನೂ ಬೆವರು ಒರೆಸಿಕೊಳ್ಳುತ್ತಿರುತ್ತೇವೆ.

ಆದ್ದರಿಂದ ಊರಿನಿಂದ ಬೀಜದ ಪೊಟ್ಟಣದ ಜೊತೆ ಊರಿನ ಬಿತ್ತನೆಯ ದಿನವನ್ನೂ ತಂದರೆ ಗಿಡ ಒಪ್ಪುವುದಿಲ್ಲ. ತಮಿಳಿನಲ್ಲಿ ಒಂದು ಗಾದೆ ಇದೆ: 'ಆಡಿ ಪಟ್ಟಂ ತೇಡಿ ವಿದೈ'. ಆಡಿ ತಿಂಗಳ ಹದವನ್ನು ಹುಡುಕಿ ಬಿತ್ತು ಎಂದು ಅರ್ಥ. ಆಡಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೆಚ್ಚುಕಡಿಮೆ ನಮ್ಮ ಆಷಾಢ. ಮದುವೆ ಮುಂಜಿಗೆ ಬೇಡವೆಂದು ನಾವೂ ಅವರೂ ಪಕ್ಕಕ್ಕಿಟ್ಟ ತಿಂಗಳೇ ಬದನೆ, ಬೆಂಡೆ, ಹೀರೆ, ಸೋರೆ, ಪಡವಲದ ಬೀಜಕ್ಕೆ ಒಳ್ಳೆಯ ತಿಂಗಳು. ಹಿಂಗಾರಿನ ಜಡಿಮಳೆ ಬರುವಷ್ಟರಲ್ಲಿ ಗಿಡ ಬೇರು ಬಿಟ್ಟು, ಬಳ್ಳಿ ಚಪ್ಪರ ಹತ್ತಿರಬೇಕು. ಎರಡನೆಯ ಹದ ತೈ ತಿಂಗಳಲ್ಲಿ, ಅಂದರೆ ಸಂಕ್ರಾಂತಿಯ ನಂತರ. ಕೊತ್ತಂಬರಿ, ಮೆಂತ್ಯ, ಪಾಲಕ್ ಚೆನ್ನಾಗಿ ಬರುವುದು ಮಳೆ ಕಡಿಮೆಯಾಗಿ ರಾತ್ರಿ ತಂಪಾಗುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲಿನಲ್ಲಿ ಬದುಕಿ ತೋರಿಸುವುದು ಗೋರಿಕಾಯಿ, ಬೆಂಡೆ, ದಂಟು, ಬಸಳೆ, ನುಗ್ಗೆ. ಮತ್ತೆ ಬಲೆಯ ನೆರಳಿನಲ್ಲಿ ಒಂದಿಷ್ಟು ಪುದೀನ.

ಔಷಧಿ, ಸುವಾಸನೆಯ ಗಿಡಗಳಿಗೂ ಇದೇ ಮಾತು. ಬೆಂಗಳೂರಿನ ನರ್ಸರಿಯಿಂದ ರೋಸ್‌ಮೆರಿ, ಥೈಮ್ ತಂದು ಚೆನ್ನೈ ತಾರಸಿಯಲ್ಲಿ ಇಟ್ಟವರು ಬೇಕಾದಷ್ಟಿದ್ದಾರೆ. ತೇವ ತುಂಬಿದ ಕಡಲ ಸೆಕೆ ಆ ಗಿಡಗಳಿಗೆ ಹಿತವಲ್ಲ. ತುಳಸಿ, ಮಜ್ಜಿಗೆಹುಲ್ಲು, ದೊಡ್ಡಪತ್ರೆ, ಒಂದೆಲಗ, ಕರಿಬೇವು ಇಲ್ಲಿ ನಮ್ಮ ಹಂಗಿಲ್ಲದೆ ಬೆಳೆಯುತ್ತವೆ. ಒಳ್ಳೆಯ ಕಲಿಸುವ ತೋಟ ಮೊದಲ ದಿನವೇ ಇದನ್ನು ಹೇಳುತ್ತದೆ, ಹೇಳಿ ತನ್ನ ಸ್ವಂತ ಪಂಚಾಂಗವನ್ನು ಗೋಡೆಗೆ ಬರೆದು ಹಾಕಿರುತ್ತದೆ: ಯಾವ ವಾರ ಏನು ಬಿತ್ತಿದೆವು, ಯಾವಾಗ ಮೊಳೆಯಿತು, ಯಾವ ಮಳೆಗೆ ಕೊಳೆಯಿತು.

ದೊಡ್ಡಬಳ್ಳಾಪುರ, ಕೋವಿಲ್‌ಪಟ್ಟಿ, ಚೆಂಗಲ್ಪಟ್ಟು

ಕನ್ನಡದಲ್ಲಿ ಈ ಕೆಲಸದ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಎಲ್. ನಾರಾಯಣ ರೆಡ್ಡಿಯವರದು. ದೊಡ್ಡಬಳ್ಳಾಪುರದ ಹತ್ತಿರ ಕೆಲವೇ ಎಕರೆಯ ಅವರ ತೋಟ ನಮ್ಮ ನಾಡಿನ ರೈತರಿಗೆ ಪಾಠಶಾಲೆಯಾಗಿತ್ತು. ರಾಸಾಯನಿಕ ಗೊಬ್ಬರ ಹಾಕಿ ಬೆಳೆದು, ಖರ್ಚು ಲೆಕ್ಕ ಹಾಕಿದಾಗ ನಷ್ಟ ಕಂಡು, ಜಪಾನಿನ ಮಸನೊಬು ಫುಕುವೊಕಾ ಅವರ 'ಒಂದು ಹುಲ್ಲಿನ ಕ್ರಾಂತಿ'ಯಿಂದ ಬೇರೆ ದಾರಿ ಹಿಡಿದವರು. ಆ ಪುಸ್ತಕ ಜಪಾನಿನಲ್ಲಿ ಬಂದದ್ದು 1975ರಲ್ಲಿ, ಇಂಗ್ಲಿಷಿಗೆ 1978ರಲ್ಲಿ. ಫುಕುವೊಕಾ ಬೆಳೆದದ್ದು ಭತ್ತ, ಬಾರ್ಲಿ, ಕಿತ್ತಳೆ. ಅವರ ಊರಿನ ಮಳೆಯೇ ಬೇರೆ. ದೊಡ್ಡಬಳ್ಳಾಪುರದ ಬಯಲಿಗೆ ಬೇಕಾದದ್ದು ಬದುವಿನ ಮೇಲೆ ಮರ, ನೆಲಕ್ಕೆ ಹೊದಿಕೆ, ಮನೆಯಲ್ಲಿ ದನ, ಗುಂಡಿಯಲ್ಲಿ ಗೊಬ್ಬರ. ರೆಡ್ಡಿಯವರು ಪುಸ್ತಕದ ವಿಚಾರವನ್ನು ತಮ್ಮ ನೆಲದಲ್ಲಿ ಇಟ್ಟು ನೋಡಿ, ಹೊಂದಿದ್ದನ್ನು ಉಳಿಸಿಕೊಂಡು, ಅದನ್ನೇ ಹಳ್ಳಿಯ ಮಾತಿನಲ್ಲಿ ಹೇಳಿದರು. 2019ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾಡಿನ ಎಷ್ಟೋ ರೈತರು ತಮ್ಮ ಮೇಷ್ಟ್ರನ್ನು ಕಳೆದುಕೊಂಡಂತೆ ಮರುಗಿದರು.

ತಮಿಳುನಾಡಿನಲ್ಲಿ ಅಂಥ ಹೆಸರು ಜಿ. ನಮ್ಮಾಳ್ವಾರ್. 1938ರಲ್ಲಿ ತಂಜಾವೂರು ಸೀಮೆಯಲ್ಲಿ ಹುಟ್ಟಿ, ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿ, ಕೋವಿಲ್‌ಪಟ್ಟಿಯ ಸಂಶೋಧನಾ ಕೇಂದ್ರದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದವರು. ಕೋವಿಲ್‌ಪಟ್ಟಿ ಮಳೆಯನ್ನೇ ನಂಬಿದ ಒಣಭೂಮಿ. ಅಲ್ಲಿ ದುಬಾರಿ ಬೀಜ, ದುಬಾರಿ ಗೊಬ್ಬರ ಹಾಕಿ ಮಾಡುತ್ತಿದ್ದ ಪ್ರಯೋಗಗಳು ಸುತ್ತಲಿನ ಬಡ ರೈತನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲವೆಂದು ಅವರಿಗೆ ಕಂಡಿತು. 1969ರಲ್ಲಿ ಆ ಕೆಲಸ ಬಿಟ್ಟರು. ಮುಂದೆ ಕರೂರು ಜಿಲ್ಲೆಯ ಕಡವೂರಿನ ಹತ್ತಿರ ಕಲ್ಲುಗಲ್ಲಾದ ಬರಡು ಜಾಗದಲ್ಲಿ 'ವಾನಗಂ' ಕಟ್ಟಿದರು. 2013ರ ಡಿಸೆಂಬರ್ 30ರಂದು ಅವರು ಹೋದ ಮೇಲೂ ಅಲ್ಲಿ ತರಬೇತಿ ನಡೆದಿದೆ. ಒಳ್ಳೆಯ ಜಮೀನು ತೆಗೆದುಕೊಂಡು ಒಳ್ಳೆಯ ಬೆಳೆ ತೋರಿಸುವುದಕ್ಕಿಂತ, ಬಡ ರೈತನಿಗೆ ಸಿಗುವಂಥ ಜಾಗದಲ್ಲೇ ಮಾಡಿ ತೋರಿಸಬೇಕೆಂಬುದು ಆ ಆಯ್ಕೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಚೆನ್ನೈಗೆ ಹತ್ತಿರದ್ದು ಬೇಕೆಂದರೆ ಸೆಂಟರ್ ಫಾರ್ ಇಂಡಿಯನ್ ನಾಲೆಡ್ಜ್ ಸಿಸ್ಟಮ್ಸ್ ಇದೆ. 1995ರಲ್ಲಿ ಶುರುವಾದ ಸಂಸ್ಥೆ. ಕಚೇರಿ ಕೋಟ್ಟೂರುಪುರದಲ್ಲಿ, ತೋಟ ಮತ್ತು ತರಬೇತಿ ಕೇಂದ್ರ ಚೆಂಗಲ್ಪಟ್ಟು ಕಡೆಯ ಸುಕ್ಕನ್‌ಕೊಲ್ಲೈ ಎಂಬ ಹಳ್ಳಿಯಲ್ಲಿ. ಹಳೆಯ ಭತ್ತದ ತಳಿಗಳನ್ನು ಉಳಿಸುವುದು, ವೃಕ್ಷಾಯುರ್ವೇದದಲ್ಲಿ ಹೇಳಿದ ಉಪಚಾರಗಳನ್ನು ಗದ್ದೆಯಲ್ಲಿ ಪರೀಕ್ಷೆ ಮಾಡಿ ನೋಡುವುದು, ರೈತರಿಗೂ ಮನೆಯ ಕೈತೋಟದವರಿಗೂ ಕಲಿಸುವುದು ಅವರ ಕೆಲಸ. 'ಪರೀಕ್ಷೆ ಮಾಡಿ' ಅನ್ನುವ ಮಾತು ಇಲ್ಲಿ ಮುಖ್ಯ. ಹಳೆಯದೆಂದು ಕಣ್ಣುಮುಚ್ಚಿ ಒಪ್ಪುವುದೂ ಇಲ್ಲ, ಹಳೆಯದೆಂದು ಎಸೆಯುವುದೂ ಇಲ್ಲ.

ಹಳೆಯ ಗ್ರಂಥದ ಮಾತು ಬಂದದ್ದರಿಂದ ಹೇಳುತ್ತೇನೆ: ವೃಕ್ಷಾಯುರ್ವೇದ ಸಂಸ್ಕೃತದಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಚಾಲುಕ್ಯರ ಕಾಲದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ಕನ್ನಡದ 'ಲೋಕೋಪಕಾರ'ದಲ್ಲಿ ಗಿಡಮರಗಳ ಉಪಚಾರ, ನೀರಿನ ಸೆಲೆ ಹುಡುಕುವುದು, ಅಡುಗೆ, ಔಷಧಿ ಎಲ್ಲಕ್ಕೂ ಜಾಗವಿದೆ. ಬೆಳೆಯುವುದನ್ನು ಜನರ ಮಾತಿನಲ್ಲಿ ಹೇಳಿಕೊಡುವ ಕೆಲಸಕ್ಕೆ ಕನ್ನಡದಲ್ಲಿ ಸಾವಿರ ವರ್ಷ ಆಗಿದೆ. ನಮ್ಮ ಕಾಲಕ್ಕೆ ಬಂದರೆ, ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ರೈತರ ಕೈಗೇ ಲೇಖನಿ ಕೊಟ್ಟಿತು. ಬೆಂಗಳೂರಿನಲ್ಲಿ ಡಾ. ಬಿ. ಎನ್. ವಿಶ್ವನಾಥ್ ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಸಾವಿರಾರು ಮನೆಗಳಿಗೆ ಕಲಿಸಿದರು. ಇವರೆಲ್ಲರ ಪಾಠದಲ್ಲೂ ಬೆಳೆದವನ ಅನುಭವವೇ ಮುಂದೆ, ಸೂತ್ರ ಹಿಂದೆ.

ಗುಂಟೆ, ಸೆಂಟ್, ಗ್ರೌಂಡ್

ಕಲಿಯಲು ಬರುವ ನಮ್ಮಂಥವರು ಮೊದಲು ಎಡವುವುದು ಅಳತೆಯಲ್ಲಿ. ನಮಗೆ ಎಕರೆಗೆ 40 ಗುಂಟೆ. ಇಲ್ಲಿ ಎಕರೆಗೆ 100 ಸೆಂಟ್. ಚೆನ್ನೈ ನಗರದೊಳಗೆ ಬಂದರೆ 2,400 ಚದರಡಿಯ 'ಗ್ರೌಂಡ್'. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್. ಒಂದು ಗ್ರೌಂಡ್ ಎಂದರೆ ಐದೂವರೆ ಸೆಂಟ್.

ಇದು ಬರೀ ಗಣಿತವಲ್ಲ, ಗೊಬ್ಬರದ ಬಕೆಟ್ಟಿಗೂ ಬರುತ್ತದೆ. ಸುಭಾಷ್ ಪಾಳೇಕರ್ ಹೇಳಿಕೊಟ್ಟ ಜೀವಾಮೃತವನ್ನೇ ತೆಗೆದುಕೊಳ್ಳಿ. ಒಂದೆಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಗುಂಟೆಗೆ ಇಳಿಸಿದರೆ 5 ಲೀಟರ್, ಸೆಂಟಿಗೆ 2 ಲೀಟರ್, ಗ್ರೌಂಡಿಗೆ 11 ಲೀಟರ್. ತಾರಸಿಯ ಹತ್ತು ಕುಂಡಕ್ಕೆ ಒಂದು ಡ್ರಮ್ಮು ಕಲಸುವ ಅಗತ್ಯವಿಲ್ಲ. ಈರೋಡು ಜಿಲ್ಲೆಯ ಕೊಡುಮುಡಿಯ ವೈದ್ಯ ಡಾ. ಕೆ. ನಟರಾಜನ್ ಪ್ರಚಾರಕ್ಕೆ ತಂದ ಪಂಚಗವ್ಯವನ್ನು ಎಲೆಗೆ ಸಿಂಪಡಿಸುವುದಾದರೆ ನೂರಕ್ಕೆ ಮೂರರ ಲೆಕ್ಕ: 10 ಲೀಟರ್ ನೀರಿಗೆ 300 ಮಿಲಿ. ಬೇವಿನ ಬೀಜದ ಕಷಾಯಕ್ಕೆ ನೂರಕ್ಕೆ ಐದು: 100 ಲೀಟರ್ ನೀರಿಗೆ 5 ಕಿಲೋ ತಿರುಳು. ಬೇವಿನ ಹಣ್ಣು ಉದುರುವ ಜೂನ್, ಜುಲೈಯಲ್ಲೇ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಂಡ ತೋಟ ವರ್ಷವಿಡೀ ಹುಳಕ್ಕೆ ಹೆದರುವುದಿಲ್ಲ. ಬೀಜ ಆರಿಸುವ ಆ ಒಂದು ವಾರಕ್ಕೆ ಕಲಿಯುವವರನ್ನು ಕರೆಯುವ ತೋಟ ಸಿಕ್ಕರೆ ಬಿಡಬೇಡಿ.

ಸೊಪ್ಪಿನ ಪಾತಿಯಲ್ಲಿ ಎರಡು ಭಾಷೆ

ನಾನು ಹೋಗುವ ಒಂದು ತೋಟದಲ್ಲಿ ಪಾಠ ಹೇಳುವುದು ಮಾಲೀಕರು. ಆದರೆ ಪಾತಿಯ ವಿಷಯ ನಿಜವಾಗಿ ತಿಳಿದಿರುವುದು ಅಲ್ಲಿ ಕಳೆ ತೆಗೆಯುವ ಒಬ್ಬ ಅಕ್ಕನಿಗೆ. ಅವರಿಗೆ ಕನ್ನಡ ಬಾರದು, ನನ್ನ ತಮಿಳು ಅರ್ಧಂಬರ್ಧ. ಸೊಪ್ಪಿನ ಹೆಸರುಗಳೇ ನಮ್ಮ ನಡುವೆ ಸೇತುವೆ.

"ಇದು ಪೊನ್ನಾಂಕಣ್ಣಿ" ಎಂದರೆ ನಾನು "ನಮ್ಮಲ್ಲಿ ಹೊನಗೊನ್ನೆ ಅಕ್ಕಾ" ಅನ್ನುತ್ತೇನೆ. ಮಣತ್ತಕ್ಕಾಳಿ ನಮ್ಮ ಗಣಿಕೆ ಸೊಪ್ಪು, ವಲ್ಲಾರೈ ನಮ್ಮ ಒಂದೆಲಗ, ಪರುಪ್ಪು ಕೀರೈ ನಮ್ಮ ಗೋಣಿ ಸೊಪ್ಪು, ಪುಳಿಚ್ಚ ಕೀರೈ ಉತ್ತರ ಕರ್ನಾಟಕದ ಪುಂಡಿ, ಕೊಡಿ ಪಸಲೈ ಕರಾವಳಿಯ ಬಸಳೆ, ಕರ್ಪೂರವಳ್ಳಿ ದೊಡ್ಡಪತ್ರೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ಇಲ್ಲಿ 'ಅವರೈಕ್ಕಾಯ್' ಎಂದು ಕೇಳಿದರೆ ಸಿಗುವುದು ಚಪ್ಪರದ ಅವರೆ. ನಮ್ಮ ಹಿದಕಿದ ಬೇಳೆಯ ಕಾಳು ಬೇಕೆಂದರೆ 'ಮೊಚ್ಚೈ' ಎನ್ನಬೇಕು.

ಬೆಂಗಳೂರಿನ ಮಾರುಕಟ್ಟೆಗೆ ಒಗ್ಗಿದವರು ಸೊಪ್ಪೆಂದರೆ ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ ಅಂದುಕೊಂಡಿರುತ್ತೇವೆ. ಚೆನ್ನೈಯ ಸೊಪ್ಪಿನ ಬುಟ್ಟಿ ಅದಕ್ಕಿಂತ ದೊಡ್ಡದು. ಸಣ್ಣ ಸಾವಯವ ತೋಟಕ್ಕೆ ಇದೇ ಬಲ. ದಂಟು, ಕೀರೆ ಜಾತಿಯ ಸೊಪ್ಪು 25 ದಿನಕ್ಕೆ ಕೈಗೆ ಬರುತ್ತದೆ. ಹೊನಗೊನ್ನೆ, ಒಂದೆಲಗ, ಬಸಳೆ ಒಮ್ಮೆ ನೆಟ್ಟರೆ ಕೊಯ್ದಷ್ಟೂ ಚಿಗುರುತ್ತವೆ. ಕಲಿಯುವವನಿಗೂ ಒಳ್ಳೆಯದು: ಒಂದು ತಿಂಗಳಲ್ಲಿ ಬಿತ್ತನೆಯಿಂದ ಕೊಯ್ಲಿನವರೆಗೆ ಪೂರಾ ಒಂದು ಸುತ್ತು ನೋಡಬಹುದು. ಹಾಗೆಯೇ ಗಣಿಕೆಯಂಥ ಗಿಡಗಳ ವಿಷಯದಲ್ಲಿ, ಯಾವ ಭಾಗ ತಿನ್ನಬೇಕು, ಹಸಿರು ಕಾಯಿ ಏಕೆ ತಿನ್ನಬಾರದು ಎಂದು ಗಿಡದ ಮುಂದೆ ನಿಂತು ತೋರಿಸಬೇಕು. ಸೊಪ್ಪನ್ನು ಸೊಪ್ಪಾಗಿ ಕಲಿಸಿದರೆ ಸಾಕು. ಸಕ್ಕರೆ ಕಾಯಿಲೆಗೆ ಇದು, ಮಂಡಿ ನೋವಿಗೆ ಅದು ಎಂದು ಮದ್ದು ಹೇಳಲು ಶುರುಮಾಡುವ ತೋಟದಿಂದ ಸ್ವಲ್ಪ ದೂರ ನಿಲ್ಲುವುದು ಮೇಲು.

ಇನ್ನೊಂದು ಮಾತು. ಆ ಅಕ್ಕನಿಗೆ ಪಾಠದ ದಿನ ಬೇರೆ ಕೂಲಿ ಇದೆ. ನಮಗೆ ತೋರಿಸುತ್ತಾ ನಿಂತ ಹೊತ್ತು ಕಳೆ ತೆಗೆದ ಹೊತ್ತಿಗೆ ಸಮವೆಂದು ಮಾಲೀಕರು ಹಿಡಿಯುವುದಿಲ್ಲ, ಹೆಚ್ಚೇ ಹಿಡಿಯುತ್ತಾರೆ. ಎಲ್ಲ ಕಡೆ ಹೀಗಿಲ್ಲ. ಪಾಠ ಹೇಳುವವರೊಬ್ಬರು, ಮಣ್ಣು ಮುಟ್ಟುವವರೊಬ್ಬರು ಆದಾಗ ಕಲಿಯಲು ಬಂದವನ ಕಿವಿಗೆ ಬೀಳುವುದು ಅರ್ಧ ಪಾಠ.

ನೀರು ಮಾರುವುದೋ, ಬೆಳೆ ಬೆಳೆಯುವುದೋ

ಚೆನ್ನೈ ಸುತ್ತಲಿನ ತೋಟದ ಹಣೆಬರಹ ಬರೆಯುವುದು ನೀರು. 2015ರ ಡಿಸೆಂಬರಿನಲ್ಲಿ ಊರೇ ಮುಳುಗಿತು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಮರಗಳನ್ನು ಬುಡಸಮೇತ ಮಲಗಿಸಿತು. 2019ರ ಜೂನಿನಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯ ಬತ್ತಿದವು. ಆಗ ನಗರಕ್ಕೆ ನೀರು ಬಂದದ್ದು ಎಲ್ಲಿಂದ? ತಿರುವಳ್ಳೂರು ಕಡೆಯ ರೈತರ ಬಾವಿಗಳಿಂದಲೂ ನೀರನ್ನು ದುಡ್ಡು ಕೊಟ್ಟು ಪಡೆಯಲಾಯಿತು. ಬೆಳೆ ಬೆಳೆದು ಮಾರುವುದಕ್ಕಿಂತ ನೀರನ್ನೇ ಮಾರಿದರೆ ತಲೆನೋವಿಲ್ಲ ಎಂದು ರೈತನಿಗೆ ಅನ್ನಿಸಿದರೆ ಆತನನ್ನು ದೂರುವಂತಿಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಬಂದು ಮತ್ತೆ ನೀರು ಹೆಚ್ಚಾಯಿತು.

ಒಂದೇ ಜಾಗದಲ್ಲಿ ಈ ವರ್ಷ ಬರ, ಇನ್ನೊಂದು ವರ್ಷ ನೆರೆ. ಅದಕ್ಕೇ ಇಲ್ಲಿ ಸೊಪ್ಪಿನ ಮಡಿಯನ್ನು ನೆಲದಿಂದ ಎತ್ತರಿಸಿ ಕಟ್ಟುತ್ತಾರೆ, ನಡುವೆ ನೀರು ಹರಿಯಲು ಕಾಲುವೆ ಬಿಡುತ್ತಾರೆ. ಮಳೆಗಾಲದಲ್ಲಿ ಸಸಿಮಡಿಗೆ ಮೇಲೆ ಹೊದಿಕೆ, ಬೇಸಿಗೆಯಲ್ಲಿ ಅದೇ ಚಪ್ಪರಕ್ಕೆ ನೆರಳು ಬಲೆ. ಕಡಲಿನ ಕಡೆ, ಈಸಿಆರ್, ಓಎಂಆರ್ ಬದಿಯಲ್ಲಿ ಮರಳು ನೆಲ. ಹಾಕಿದ ಗೊಬ್ಬರ ಮಳೆಗೆ ಇಳಿದುಹೋಗುತ್ತದೆ, ಬಾವಿಯ ನೀರಿಗೆ ಉಪ್ಪು ಬರುತ್ತದೆ. ಆದ್ದರಿಂದ ಜಾಗದ ಬೆಲೆ ಕೇಳುವುದಕ್ಕಿಂತ ಮೊದಲು ಮೇ ತಿಂಗಳಲ್ಲಿ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಬೇಕು, ಆಮೇಲೆ ಪರೀಕ್ಷೆಗೂ ಕಳಿಸಬೇಕು. ನವೆಂಬರಿನಲ್ಲಿ ಅದೇ ಜಾಗಕ್ಕೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಬೇಕು.

ಜಾಗ ಕೊಳ್ಳುವ ಕಾನೂನಿನ ಬಗ್ಗೆಯೂ ಒಂದು ಮಾತು. ಕೃಷಿಕನಲ್ಲದವನು ಕರ್ನಾಟಕದಲ್ಲಿ ಕೃಷಿ ಭೂಮಿ ಕೊಳ್ಳುವುದಕ್ಕೆ ಭೂಸುಧಾರಣಾ ಕಾಯ್ದೆಯಲ್ಲಿದ್ದ ತಡೆ 2020ರ ತಿದ್ದುಪಡಿಯಲ್ಲಿ ಸಡಿಲವಾಯಿತು. ತಮಿಳುನಾಡಿನಲ್ಲಿ ಅಂಥ ತಡೆ ಮೊದಲಿಂದಲೂ ಇರಲಿಲ್ಲ. ಐಟಿಯವರು ಇಲ್ಲಿ ಎಕರೆಗಟ್ಟಲೆ ಕೊಂಡದ್ದಕ್ಕೆ ಅದೂ ಒಂದು ಕಾರಣ. ಕೊಂಡ ಜಮೀನಿನಲ್ಲಿ ಎಷ್ಟು ಪಾಲು ಬೇಲಿ ಮಾತ್ರ ಕಾಣುತ್ತಿದೆ ಎಂಬುದು ಚೆಂಗಲ್ಪಟ್ಟು ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ಕಲಿಯುವ ಮೊದಲ ಎರಡು ವರ್ಷಕ್ಕೆ ಗುತ್ತಿಗೆ ಜಾಗ ಸಾಕು.

ಯಾರೂ ಹೇಳದ ಲೆಕ್ಕ

ಈಗ ದುಡ್ಡಿನ ಮಾತು. ಕೆಳಗಿನದು ಯಾವ ಒಂದು ತೋಟದ ಪುಸ್ತಕವೂ ಅಲ್ಲ, ತಿಳಿಯಲೆಂದು ನಾನೇ ಹಾಕಿದ ಮಾದರಿ ಲೆಕ್ಕ. ಅಂಕಿಗಳನ್ನು ನಿಮ್ಮ ಜಾಗಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಒಂದೆಕರೆಯಲ್ಲಿ ಸೊಪ್ಪು, ತರಕಾರಿ ಬೆಳೆದು ವಾರಕ್ಕೆ 25 ಮನೆಗೆ 500 ರೂಪಾಯಿಯ ಬುಟ್ಟಿ ಕೊಟ್ಟೆವೆನ್ನಿ. ವಾರಕ್ಕೆ 12,500; ತಿಂಗಳಿಗೆ 50,000. ಬಿಸಿಲು, ಮಳೆ ಕಳೆದು ವರ್ಷಕ್ಕೆ ಎಂಟು ಒಳ್ಳೆಯ ತಿಂಗಳು ಹಿಡಿದರೆ 4,00,000 ರೂಪಾಯಿ. ಇಬ್ಬರು ಕೆಲಸದವರಿಗೆ ದಿನಕ್ಕೆ 550ರಂತೆ ತಿಂಗಳಿಗೆ 26 ದಿನ, ಹನ್ನೆರಡು ತಿಂಗಳು: 3,43,200. ಕೈಯಲ್ಲಿ ಉಳಿದದ್ದು 56,800. ಇದರಲ್ಲೇ ಬೀಜ, ಸಗಣಿ, ಸಾಗಣೆ, ಪಂಪಿನ ರಿಪೇರಿ ಬರಬೇಕು. ಜಮೀನಿನ ಸಾಲದ ಬಡ್ಡಿಯನ್ನು, ನಮ್ಮ ಸ್ವಂತ ದುಡಿಮೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅದೇ ತೋಟ ತಿಂಗಳಿಗೊಂದು ತರಗತಿ ಇಟ್ಟು 15 ಜನರಿಂದ ತಲಾ 1,000 ತೆಗೆದುಕೊಂಡರೆ ಹತ್ತು ತಿಂಗಳಿಗೆ 1,50,000.

ಈ ಲೆಕ್ಕದಲ್ಲಿ ತೋಟವನ್ನು ನಿಲ್ಲಿಸಿರುವುದು ತರಗತಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಂಗೀತದ ಮೇಷ್ಟ್ರಿಗೂ ಕಚೇರಿಗಿಂತ ಪಾಠದ ದುಡ್ಡೇ ಹೆಚ್ಚಿರಬಹುದು. ಅದರಿಂದ ಅವರ ಸಂಗೀತ ಕಳಪೆಯಾಗುವುದಿಲ್ಲ. ತೊಂದರೆ ಬರುವುದು ಅದನ್ನು ಮುಚ್ಚಿಟ್ಟಾಗ. "ಸೊಪ್ಪು ಬೆಳೆದೇ ಬದುಕುತ್ತಿದ್ದೇವೆ" ಎಂದು ತೋಟ ತೋರಿಸಿದರೆ, ಕಲಿತವನು ಸೊಪ್ಪನ್ನೇ ನಂಬಿ ರಾಜೀನಾಮೆ ಬರೆಯುತ್ತಾನೆ. ಅವನ ಬಳಿ ತರಗತಿ ಇರುವುದಿಲ್ಲ. ಮನೆ ಸಾಲದ ಕಂತು ಮಾತ್ರ ಇರುತ್ತದೆ. ಎಲ್ಲರೂ ತರಗತಿಯನ್ನೇ ಶುರುಮಾಡಿದರೆ ಕಲಿಯುವವರು ಎಲ್ಲಿಂದ ಬರಬೇಕು?

ತೆರಿಗೆಯ ಕಣ್ಣಿಗೂ ಇವೆರಡು ಬೇರೆ ಬೇರೆ. ಬೆಳೆದು ಮಾರಿದ ಸೊಪ್ಪಿನ ಆದಾಯ ಕೃಷಿ ಆದಾಯ. ನರ್ಸರಿಯಲ್ಲಿ ಬೆಳೆಸಿದ ಸಸಿ ಮಾರಿದ್ದನ್ನೂ ಆದಾಯ ತೆರಿಗೆ ಕಾನೂನು ಕೃಷಿ ಆದಾಯವೆಂದೇ ಹಿಡಿಯುತ್ತದೆ. ತರಬೇತಿಯ ಶುಲ್ಕ ಕೃಷಿ ಆದಾಯವಲ್ಲ. ಪುಸ್ತಕದಲ್ಲಿ ಎರಡು ಕಾಲಂ ಹೇಗೂ ಬರೆಯಲೇಬೇಕು. ಅದನ್ನೇ ಕಲಿಯಲು ಬಂದವರಿಗೂ ತೋರಿಸಿದರೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಸಸಿ ಮಾರಾಟ ಅನೇಕ ಸಣ್ಣ ತೋಟಗಳಿಗೆ ಊರುಗೋಲು ಎಂಬುದನ್ನೂ ಇಲ್ಲೇ ಹೇಳಬೇಕು. ಕಲಿತು ಹೋದವರೇ ಆಡಿ, ತೈ ತಿಂಗಳಿಗೆ ಸಸಿ ಕೇಳಿಕೊಂಡು ಬರುತ್ತಾರೆ.

ಬೇಲಿಯಾಚೆಯವರು ನೋಡುವ ಸಾವಯವ

'ಸಾವಯವ' ಎಂಬ ಚೀಟಿಗೂ ಕಲಿಸುವುದಕ್ಕೂ ಸಂಬಂಧವಿದೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ತಮಿಳುನಾಡಿನ ನೀತಿ ಬಂದದ್ದು 2023ರಲ್ಲಿ. ರಫ್ತಿಗೂ ಸಲ್ಲುವ ದೃಢೀಕರಣಕ್ಕೆ ಸಂಸ್ಥೆಯೊಂದರ ತಪಾಸಣೆ ಬೇಕು, ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಎರಡು ವರ್ಷದ ಪರಿವರ್ತನೆಯ ಅವಧಿ ಇದೆ. ಸಣ್ಣ ಬೆಳೆಗಾರರಿಗೆ ಹಿಡಿಸುವುದು ಪಿಜಿಎಸ್ ಎಂಬ ಇನ್ನೊಂದು ದಾರಿ. ಕನಿಷ್ಠ ಐದು ಜನ ಅಕ್ಕಪಕ್ಕದ ಬೆಳೆಗಾರರು ಗುಂಪು ಮಾಡಿಕೊಂಡು, ಒಬ್ಬರ ಜಮೀನನ್ನು ಇನ್ನೊಬ್ಬರು ನೋಡಿ, ಬರೆದು, ಸಹಿ ಹಾಕುವ ಕ್ರಮ.

ನನಗೆ ಇದು ಚೀಟಿಗಿಂತ ಪಾಠವಾಗಿಯೇ ಹೆಚ್ಚು ಹಿಡಿಸಿತು. ಪಕ್ಕದ ಜಮೀನಿನವರು ನಮ್ಮ ಗೊಬ್ಬರದ ಗುಂಡಿ ಇಣುಕಿ ನೋಡಿ, "ಏನ್ ಸರ್, ಇಷ್ಟು ನೀರು ನಿಂತ್ರೆ ಹೇಗೆ?" ಎಂದು ಕೇಳುತ್ತಾರೆ. ಮುಂದಿನ ತಿಂಗಳು ನಾವು ಅವರ ಬದನೆಯ ಎಲೆ ತಿರುಗಿಸಿ ನೋಡುತ್ತೇವೆ. ನಗರದಿಂದ ಹೋದವರಿಗೆ ಹಳ್ಳಿಯ ಜೊತೆ ಮಾತು ಬೆಳೆಯುವುದೇ ಇಲ್ಲಿಂದ. ಐವರಲ್ಲಿ ನಾಲ್ವರು ಊರಿನ ರೈತರಾಗಿದ್ದರೆ ಕಲಿಸುವವರು ಯಾರು, ಕಲಿಯುವವರು ಯಾರು ಎಂದು ಬೇಗನೆ ಗೊತ್ತಾಗುತ್ತದೆ.

ಹಣ ಕಟ್ಟುವ ಮೊದಲು

ತರಗತಿಗೆ ಸೇರುವ ಗೆಳೆಯರು ನನ್ನನ್ನು ಕೇಳಿದರೆ ಐದು ಪ್ರಶ್ನೆ ಬರೆದು ಕೊಡುತ್ತೇನೆ. ಕಳೆದ ಮೇ ಮತ್ತು ನವೆಂಬರಿನಲ್ಲಿ ಇಲ್ಲಿ ಏನು ಬೆಳೆದಿರಿ, ಏನು ಸತ್ತಿತು? ಬೀಜ ಎಲ್ಲಿಯದು, ನೀವೇ ಎಷ್ಟನ್ನು ಉಳಿಸಿಕೊಳ್ಳುತ್ತೀರಿ? ಬಾವಿಯ ನೀರು ಯಾವ ತಿಂಗಳು ಕಡಿಮೆಯಾಗುತ್ತದೆ? ಆದಾಯದಲ್ಲಿ ತರಕಾರಿಯದೆಷ್ಟು, ತರಗತಿಯದೆಷ್ಟು? ಪಾತಿಯಲ್ಲಿ ಕೆಲಸ ಮಾಡುವವರ ಜೊತೆ ಅರ್ಧ ದಿನ ಇರಲು ಬಿಡುತ್ತೀರಾ?

ಈ ಐದಕ್ಕೂ ಮುಖ ಸಿಂಡರಿಸದೆ ಉತ್ತರ ಕೊಡುವ ತೋಟ ಚಿಕ್ಕದಿದ್ದರೂ ಸರಿ, ಅಲ್ಲಿಗೆ ಹೋಗಿ. ಹೋದ ಮೇಲೆ ನಿಮ್ಮ ತಾರಸಿಯಲ್ಲೋ ಗುತ್ತಿಗೆ ಜಾಗದಲ್ಲೋ ಒಂದು ಪಾತಿ ಮಾಡಿ. ಹೊನಗೊನ್ನೆಯ ನಾಲ್ಕು ಕಡ್ಡಿ, ಬಸಳೆಯ ಎರಡು ತುಂಡು ಕೇಳಿ ತನ್ನಿ, ಯಾರೂ ಇಲ್ಲವೆನ್ನುವುದಿಲ್ಲ. ಒಂದು ಆಡಿ, ಒಂದು ಹಿಂಗಾರು, ಒಂದು ತೈ, ಒಂದು ಅಗ್ನಿ ನಕ್ಷತ್ರ ದಾಟುವವರೆಗೆ ದಿನಾಂಕ ಹಾಕಿ ಬರೆದಿಡಿ. ಕೆಲಸ ಬಿಡುವ ಮಾತನ್ನು ಆ ನೋಟ್‌ಬುಕ್ ತುಂಬಿದ ಮೇಲೆ, ಮನೆಯವರ ಜೊತೆ ಕೂತು, ಎರಡು ಕಾಲಮ್ಮನ್ನೂ ಮುಂದಿಟ್ಟುಕೊಂಡು ಆಡಿದರಾಯಿತು.